ಬಳ್ಳಾರಿಯ ಬಿಸಿಲೂ ಕಾರಿನ ಲೇಪವೂ

ಚಿನ್ನ ಕೊಳ್ಳುವವನಿಗೆ ಒರೆಗಲ್ಲುಂಟು. ಮಡಕೆ ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ತಟ್ಟಿ, ಹೊರಡುವ ನಾದವನ್ನು ಕೇಳಿಯೇ ಬಿರುಕು ಇದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸುತ್ತಾಳೆ. ಸಿರುಗುಪ್ಪದ ಅಕ್ಕಿಯನ್ನು ನಾಲ್ಕು ಕಾಳು ಹಲ್ಲಿಗೆ ಹಾಕಿ ಕಚ್ಚಿದರೆ ಅದು ಹಳೆಯದೋ ಹೊಸದೋ ತಿಳಿದುಹೋಗುತ್ತದೆ. ಇವೆಲ್ಲ ಕ್ಷಣಮಾತ್ರದ ಪರೀಕ್ಷೆಗಳು. ಆದರೆ ‘ಐದು ವರ್ಷ ಬಾಳುತ್ತದೆ’ ಎಂಬ ಒಂದೇ ಗುಣಕ್ಕಾಗಿ ಬೆಲೆ ಕಟ್ಟಿಸಿಕೊಳ್ಳುವ ವಸ್ತುವನ್ನು ಕೊಳ್ಳುವ ದಿನವೇ ಪರೀಕ್ಷಿಸುವುದೆಂತು? ಬಾಳಿಕೆಯೆಂಬುದು ಬಾಳಿದ ಮೇಲಷ್ಟೇ ಕಾಣತಕ್ಕ ಗುಣ. ಹಣವನ್ನೋ ಮೊದಲೇ ಕೊಡಬೇಕು.

ಬಳ್ಳಾರಿಯ ಗಾಂಧಿನಗರದಂಥ ಬಡಾವಣೆಯಲ್ಲಿ ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಸೈಕಲ್ಲು ನಿಲ್ಲಿಸಲೆಂದು ಬಿಟ್ಟ ಅಂಗಳದಲ್ಲಿ ಕಾರು ಹಿಡಿಸದು. ಅದು ಮನೆಯ ಮುಂದಿನ ಬೀದಿಯಲ್ಲಿ, ಬಿಸಿಲಿಗೂ ಧೂಳಿಗೂ ಮೈಯೊಡ್ಡಿ ನಿಲ್ಲುತ್ತದೆ. ಹೊಸ ಕಾರು ಮನೆಗೆ ಬಂದ ದಿನವೇ ಅದರ ಹಿಂದೆ ಒಂದು ಸಲಹೆಯೂ ಬರುತ್ತದೆ: ‘ಸೆರಾಮಿಕ್ ಲೇಪ ಹಾಕಿಸಿಬಿಡಿ, ಬಣ್ಣದ ಚಿಂತೆ ಬೇಡ.’ ಬೆಂಗಳೂರಿನಲ್ಲಿರುವ ಮಗ ದೂರವಾಣಿಯಲ್ಲಿ ಇದನ್ನು ಅನುಮೋದಿಸುತ್ತಾನೆ. ನಿವೃತ್ತಿಯ ಅಂಚಿನಲ್ಲಿರುವ ತಂದೆ ಹತ್ತಾರು ಸಾವಿರ ರೂಪಾಯಿಯ ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿ ಸುಮ್ಮನಾಗುತ್ತಾನೆ. ತಾಯಿ ಮಾತ್ರ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ‘ಹಾಕಿಸಿದರೆ ಹಾಕಿಸದ್ದಕ್ಕಿಂತ ಬೇರೆಯಾಗಿ ಏನು ಕಾಣುತ್ತದೆ?’ ಎಂದು ಕೇಳುತ್ತಾಳೆ. ವಿಜ್ಞಾನಿಗಳ ಪ್ರಯೋಗಶಾಲೆಯಲ್ಲಿಯೂ ಕೇಳತಕ್ಕ ಪ್ರಶ್ನೆ ಅದೇ.

ಮೊದಲು, ಲೇಪವೆಂಬುದು ಯಾವುದರ ಮೇಲೆ ಕೂರುತ್ತದೆಂಬುದನ್ನು ತಿಳಿಯಬೇಕು. ಕಾರಿನ ಮೈ ತೆಳ್ಳನೆಯ ಉಕ್ಕಿನ ತಗಡು. ಇಂಥ ತಗಡನ್ನು ಕಾರಿನ ಕಂಪೆನಿಗಳಿಗಾಗಿ ತಯಾರಿಸುವ ಕಾರ್ಖಾನೆಗಳಲ್ಲೊಂದು ಬಳ್ಳಾರಿಯಿಂದ ಸುಮಾರು ೩೦ ಕಿಲೋಮೀಟರು ದೂರದ ತೋರಣಗಲ್ಲಿನಲ್ಲೇ ಇದೆ. ಸಂಡೂರಿನ ಬೆಟ್ಟಗಳ ಅದಿರು ಅಲ್ಲಿ ಕರಗಿ, ಉಕ್ಕಾಗಿ, ಹಾಳೆಯಾಗಿ, ಸತುವಿನ ಹೊದಿಕೆ ಹೊದ್ದು ಹೊರಗೆ ಹೋಗುತ್ತದೆ. ತುಕ್ಕಿಗೆ ಎದುರಾಗುವ ಮೊದಲ ಕಾವಲುಗಾರ ಈ ಸತುವೇ. ಬಳಿಕ ತಗಡಿಗೆ ಫಾಸ್ಫೇಟಿನ ಸ್ನಾನ. ಅದಾದ ಮೇಲೆ ಇಡೀ ಮೈಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಸಿ, ಸಂದುಗೊಂದುಗಳಲ್ಲಿಯೂ ಒಂದು ಪದರ ಕೂರುವಂತೆ ಮಾಡುತ್ತಾರೆ. ಫೋರ್ಡ್ ಕಂಪೆನಿ ೧೯೬೦ರ ದಶಕದಲ್ಲಿ ಬಳಕೆಗೆ ತಂದ ಈ ವಿಧಾನವೇ ಕಾರುಗಳನ್ನು ತುಕ್ಕಿನಿಂದ ಉಳಿಸಿದ ದೊಡ್ಡ ಉಪಾಯಗಳಲ್ಲೊಂದು. ಅದರ ಮೇಲೆ ಬಣ್ಣ. ಬಣ್ಣದ ಮೇಲೆ ಗಾಜಿನಂತೆ ಪಾರದರ್ಶಕವಾದ ವಾರ್ನಿಷಿನ ಪದರ.

ಇಷ್ಟೆಲ್ಲ ಪದರಗಳೂ ಸೇರಿ ದಪ್ಪದಲ್ಲಿ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನು. ಮೈಕ್ರಾನೆಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು; ಮನುಷ್ಯನ ಒಂದು ಕೂದಲು ಸುಮಾರು ೭೦ ಮೈಕ್ರಾನು ದಪ್ಪವಿರುತ್ತದೆ. ಮೇಲಿನ ವಾರ್ನಿಷಿನ ಪದರವೊಂದೇ ೪೦–೫೦ ಮೈಕ್ರಾನು. ಸೀಸೆಯಲ್ಲಿ ಬರುವ ಸೆರಾಮಿಕ್ ಲೇಪವಾದರೋ ಈ ವಾರ್ನಿಷಿನ ಮೇಲೆ ಒಣಗಿ ನಿಂತಾಗ ಒಂದೆರಡು ಮೈಕ್ರಾನಿನಷ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ. ಕುಂಬಾರನ ಆವಿಗೆಯಲ್ಲಿ ಬೇಯದ, ಗಾಳಿಯ ತೇವದಿಂದಲೇ ಗಟ್ಟಿಯಾಗುವ, ಸಿಲಿಕಾನಿನ ಸಂಯುಕ್ತಗಳಿಂದಾದ ಗಾಜಿನ ಬಂಧು ಅದು. ಆದ್ದರಿಂದ ಮೊದಲ ವಿವೇಕ ಇಲ್ಲಿ ಹುಟ್ಟುತ್ತದೆ. ಉಕ್ಕನ್ನು ತುಕ್ಕಿನಿಂದ ಕಾಯುವುದು ಕಾರ್ಖಾನೆಯ ಪದರಗಳ ಕೆಲಸ. ಸೀಸೆಯ ಲೇಪದ ಕೆಲಸ, ಮಾಡಿದರೆ, ಮೇಲಿನ ವಾರ್ನಿಷಿನ ಹೊಳಪನ್ನು ಕಾಯುವುದು. ಈ ಎರಡನ್ನೂ ಒಂದೇ ಮಾತಿನಲ್ಲಿ ‘ರಕ್ಷಣೆ’ ಎಂದು ಮಾರುವವನಿಂದ ಎಚ್ಚರವಾಗಿರುವುದು ಲೇಸು.

ಲೇಪವೆಂಬ ವಿಚಾರ ಈ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರದ ಬೊಂಬೆಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜಾಟದ ಕಾವಿಗೇ ಅರಗು ಕರಗಿ ಮರದ ಮೈಗೆ ಬಣ್ಣವಾಗಿ ಅಂಟಿಕೊಳ್ಳುತ್ತದೆ. ಅರಗಿಗೆ ಸಂಸ್ಕೃತದಲ್ಲಿ ಲಾಕ್ಷಾ ಎಂದು ಹೆಸರು. ಆ ಲಾಕ್ಷಾ ಶಬ್ದವೇ ‘ಲಾಖ್’ ಆಗಿ, ಅರಬರ ಮತ್ತು ಪೋರ್ಚುಗೀಸರ ನಾಲಗೆಗಳನ್ನು ದಾಟಿ, ಇಂಗ್ಲಿಷಿನಲ್ಲಿ ‘ಲ್ಯಾಕರ್’ ಎಂಬ ರೂಪ ತಾಳಿತು. ಮೊದಮೊದಲ ಮೋಟಾರು ಕಾರುಗಳಿಗೆ ಕುದುರೆಗಾಡಿಯ ಪದ್ಧತಿಯಲ್ಲೇ ವಾರ್ನಿಷನ್ನು ಪದರ ಪದರವಾಗಿ ಬಳಿದು ಒಣಗಿಸಬೇಕಾಗಿತ್ತು. ಒಂದು ಕಾರಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಫೋರ್ಡ್ ಕಂಪೆನಿಯ ‘ಟಿ’ ಮಾದರಿಯ ಕಾರು ೧೯೧೪ರಿಂದ ಸುಮಾರು ಹನ್ನೊಂದು ವರ್ಷ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿದ್ದುದನ್ನು ಬಲ್ಲವರು ಅನೇಕರು. ೧೯೨೩ರಲ್ಲಿ ಡ್ಯುಪಾಂಟ್ ಕಂಪೆನಿಯ ‘ಡ್ಯುಕೋ’ ಎಂಬ ಹೊಸ ಲ್ಯಾಕರು ಜನರಲ್ ಮೋಟಾರ್ಸಿನ ಓಕ್‌ಲ್ಯಾಂಡ್ ಕಾರಿನ ಮೇಲೆ ನೀಲಿಯಾಗಿ ಮೆರೆದಾಗ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಒಣಗುವ ಕಾಲವನ್ನು ಹೀಗೆ ಕುಗ್ಗಿಸುವುದು ಸಾಧ್ಯವಾಯಿತು. ಬಾಳುವ ಕಾಲವನ್ನು ಕುಗ್ಗಿಸಿ ನೋಡುವುದು ಸಾಧ್ಯವೆ?

ಸಾಧ್ಯವೆಂದು ಬಳ್ಳಾರಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಈ ಊರು ಜೀನ್ಸ್ ಉಡುಪಿನ ತಯಾರಿಕೆಗೆ ಹೆಸರಾದದ್ದು. ಹೊಚ್ಚಹೊಸ ಗಡಸು ಬಟ್ಟೆಯನ್ನು ಯಂತ್ರದಲ್ಲಿ ಹಾಕಿ, ಹಗುರಾದ ಕಲ್ಲುಗಳೊಡನೆಯೋ ಕಿಣ್ವಗಳೊಡನೆಯೋ ಹೊರಳಾಡಿಸಿ, ವರ್ಷಾನುಗಟ್ಟಲೆ ಉಟ್ಟು ಸವೆದಂತೆ ಕಾಣುವ ಹಾಗೆ ಮಾಡುವುದು ಆ ಉದ್ಯಮದ ಒಂದು ಅಂಗ. ಬಣ್ಣದ ಪರೀಕ್ಷಕನೂ ಮಾಡುವುದು ಇದನ್ನೇ. ಲೇಪ ಬಳಿದ ತಗಡನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಅತಿನೇರಳೆ ಕಿರಣ ಸೂಸುವ ದೀಪಗಳ ಕೆಳಗೆ ೬೦ ಡಿಗ್ರಿಯ ಶಾಖದಲ್ಲಿ ಎಂಟು ಗಂಟೆ ಕಾಯಿಸುತ್ತಾನೆ. ಬಳಿಕ ದೀಪವಾರಿಸಿ ೫೦ ಡಿಗ್ರಿಯ ಆವಿಯಲ್ಲಿ ನಾಲ್ಕು ಗಂಟೆ ಬೆವರಿಸುತ್ತಾನೆ. ಹಗಲು, ಇರುಳು, ಮತ್ತೆ ಹಗಲು. ಹೀಗೆ ಸಾವಿರಾರು ಗಂಟೆ. ಮತ್ತೊಂದು ಪೆಟ್ಟಿಗೆಯಲ್ಲಿ ೩೫ ಡಿಗ್ರಿಯ ಶಾಖದಲ್ಲಿ ನೂರಕ್ಕೆ ಐದು ಪಾಲು ಉಪ್ಪಿನ ನೀರನ್ನು ಮಂಜಿನಂತೆ ಎರಚುತ್ತಾರೆ. ಅಮೆರಿಕದಲ್ಲಿ ೧೯೩೯ರಲ್ಲಿ ಅಚ್ಚಾದ ಈ ಉಪ್ಪುಮಂಜಿನ ಪರೀಕ್ಷೆಯ ನಿಯಮಾವಳಿ ತಿದ್ದುಪಡಿಗಳೊಡನೆ ಇಂದಿಗೂ ಚಾಲ್ತಿಯಲ್ಲಿದೆ.

ಇನ್ನೊಂದು, ಸರಳವೂ ಸುಂದರವೂ ಆದ ಪರೀಕ್ಷೆಯುಂಟು. ಬಣ್ಣದ ಮೇಲೆ ಚೂಪು ಅಲಗಿನಿಂದ ಉದ್ದಕ್ಕೆ ಆರು, ಅಡ್ಡಕ್ಕೆ ಆರು ಗೀರು ಎಳೆದರೆ ಚೌಕಾಬಾರದ ಮಣೆಯಂತೆ ೨೫ ಮನೆಗಳಾಗುತ್ತವೆ. ಅದರ ಮೇಲೆ ಅಂಟುಪಟ್ಟಿಯನ್ನು ಒತ್ತಿ ಕಿತ್ತಾಗ ಎಷ್ಟು ಮನೆ ಎದ್ದುಬಂದವೆಂಬುದನ್ನು ನೋಡಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಸೊನ್ನೆ ಬಂದರೆ ಪ್ರಥಮ ದರ್ಜೆ. ಶಾಲೆಯ ಮಕ್ಕಳಿಗೆ ಅಸೂಯೆ ಹುಟ್ಟಿಸುವ ಪರೀಕ್ಷೆ!

ಆದರೆ ಪೆಟ್ಟಿಗೆಯ ಗಂಟೆಗಳನ್ನು ಬೀದಿಯ ವರ್ಷಗಳಿಗೆ ಬದಲಾಯಿಸಿಕೊಡುವ ಸರಾಫನ ಅಂಗಡಿ ಎಲ್ಲಿಯೂ ಇಲ್ಲ. ಎರಡು ಲೇಪಗಳಲ್ಲಿ ಯಾವುದು ಮೇಲೆಂಬುದನ್ನು ಪೆಟ್ಟಿಗೆ ಹೇಳಬಲ್ಲುದು. ಮೇಲಾದದ್ದು ಇಂಥ ಊರಿನಲ್ಲಿ ಇಷ್ಟೇ ವರ್ಷ ಬಾಳುವುದೆಂದು ಹೇಳಲಾರದು. ಉಪ್ಪುಮಂಜಿನಲ್ಲಿ ಗೆದ್ದದ್ದು ಮಂಗಳೂರಿನ ಕಡಲಗಾಳಿಯವರಿಗೆ ಸುದ್ದಿಯಾಗಬಹುದು; ಸಮುದ್ರದಿಂದ ಬಹು ದೂರದ ಒಣನಾಡಾದ ಬಳ್ಳಾರಿಗೆ ಅದರಿಂದಾಗುವ ಸಮಾಧಾನ ಅಲ್ಪ. ಇದನ್ನರಿತೇ ಜಗತ್ತಿನ ಬಣ್ಣದ ಕಂಪೆನಿಗಳು ಪೆಟ್ಟಿಗೆಯನ್ನು ಮಾತ್ರ ನಂಬದೆ, ತಗಡುಗಳನ್ನು ಬಯಲಿನಲ್ಲಿ ಸಾಲಾಗಿ ಕಟ್ಟಿ ಬಿಸಿಲಿಗೆ ಬಿಡುತ್ತವೆ. ತೇವದ ಸೆಕೆಗೆ ಅಮೆರಿಕದ ದಕ್ಷಿಣ ಫ್ಲಾರಿಡಾ, ಒಣ ಸೆಕೆಗೆ ಅರಿಜೋನಾದ ಮರುಭೂಮಿ ಈ ಕೆಲಸಕ್ಕೆ ಪ್ರಸಿದ್ಧವಾಗಿವೆ.

ಲೇಪದ ಬಾಳಿಕೆ ಲೇಪದೊಳಗೆ ಮಾತ್ರವೇ ಇರುವ ಗುಣವಲ್ಲ, ಅದು ಲೇಪಕ್ಕೂ ಊರಿಗೂ ಇರುವ ಸಂಬಂಧ ಎಂಬುದಕ್ಕೆ ದೆಹಲಿಯ ಕಬ್ಬಿಣದ ಕಂಬವೇ ಸಾಕ್ಷಿ. ಸುಮಾರು ೧,೬೦೦ ವರ್ಷ ಹಳೆಯದಾದ ಆ ಕಂಬ ತುಕ್ಕು ತಿಂದು ನಾಶವಾಗದಿರುವುದಕ್ಕೆ ಕಾರಣವನ್ನು ಕಾನ್ಪುರದ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಬಾಲಸುಬ್ರಮಣ್ಯಂ ಅವರು ವಿವರಿಸಿದ್ದಾರೆ. ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ನೆನೆಯುವುದೂ ಒಣಗುವುದೂ ನೂರಾರು ಬಾರಿ ನಡೆದಾಗ ಆ ರಂಜಕದಿಂದ ಲೋಹದ ಮೈಮೇಲೆ ಫಾಸ್ಫೇಟಿನ ತೆಳುಪದರವೊಂದು ತಾನಾಗಿಯೇ ಕಟ್ಟಿಕೊಂಡಿದೆ. ಲೋಹದ ಗುಣ ಅರ್ಧ ಪಾಲು, ದೆಹಲಿಯ ಹವೆ ಇನ್ನರ್ಧ ಪಾಲು. ಆಯುಸ್ಸಿನ ಚೀಟಿಯನ್ನು ಯಾರೂ ಅದಕ್ಕೆ ಅಂಟಿಸಿರಲಿಲ್ಲ.

ಈಗ ಬಳ್ಳಾರಿಯ ಹವೆಯನ್ನು ನೋಡುವುದಾದರೆ, ಅರಿಜೋನಾ ಕೂಡ ಗೌರವ ತೋರಿಸಬೇಕಾದ ಪರೀಕ್ಷಾಮಂದಿರ ಇದು. ಬೇಸಗೆಯಲ್ಲಿ ಶಾಖ ೪೦ ಡಿಗ್ರಿಯನ್ನು ದಾಟುವುದು ಇಲ್ಲಿ ವಿಶೇಷವೇನಲ್ಲ. ಅರಿಜೋನಾ, ಫ್ಲಾರಿಡಾಗಳೆರಡೂ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವುದರಿಂದ ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರಲಾರ. ೧೫ನೆಯ ಅಕ್ಷಾಂಶದ ಬಳಿಯಿರುವ ಬಳ್ಳಾರಿಯಲ್ಲಾದರೋ ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಆದಿಯಲ್ಲೊಮ್ಮೆ, ಆಗಸ್ಟಿನ ನಡುವಿನಲ್ಲೊಮ್ಮೆ, ನಡುಹಗಲಿನ ಸೂರ್ಯ ನೇರವಾಗಿ ನೆತ್ತಿಯ ಮೇಲಿರುತ್ತಾನೆ. ಕಾರಿನ ಮಾಡಕ್ಕೂ ಮುಂದಿನ ಬಾನೆಟ್ಟಿಗೂ ಇದಕ್ಕಿಂತ ನೆಟ್ಟನೆಯ ಬಿಸಿಲು ಬೀಳುವುದು ಅಸಾಧ್ಯ. ಅಂಥ ದಿನಗಳಲ್ಲಿ ಕಪ್ಪು ಕಾರಿನ ಮೈ ೭೦ ಡಿಗ್ರಿಯ ಆಚೆಗೂ ಕಾಯಬಲ್ಲುದು.

ಬಿಸಿಲಿನ ಜೊತೆಗೆ ಧೂಳು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಈ ಸೀಮೆಯ ಗಿಡಮರಗಳೂ ಕೆಂಪಾಗಿ ನಿಲ್ಲುತ್ತಿದ್ದವು. ೨೦೧೧ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಆ ಬಳಿಕ ಮಿತಿಗಳಿಗೆ ಒಳಪಟ್ಟು ಅದು ಮತ್ತೆ ಆರಂಭವಾಯಿತು. ಇಂದಿಗೂ ಸಂಡೂರಿನ ಅದಿರು, ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಮೆದುಕಬ್ಬಿಣದ ಕುಲುಮೆಗಳು, ಒಣ ಹೊಲಗಳ ಗಾಳಿ ಇವೆಲ್ಲ ಸೇರಿ ಊರಿನ ಕಾರುಗಳಿಗೆ ದಿನವೂ ಬಣ್ಣ ಬಳಿಯುತ್ತಿವೆ. ಕಬ್ಬಿಣದ ಸಣ್ಣ ಕಣಗಳು ವಾರ್ನಿಷಿನೊಳಕ್ಕೆ ನಾಟಿಕೊಂಡು, ತೇವ ತಗುಲಿದಾಗ ಕಿತ್ತಳೆಯ ಚುಕ್ಕೆಗಳಾಗುತ್ತವೆ. ಅದನ್ನು ಕಂಡು ಕಾರಿಗೇ ತುಕ್ಕು ಹಿಡಿಯಿತೆಂದು ಗಾಬರಿಯಾಗುವವರುಂಟು. ಎಷ್ಟೋ ಸಲ ತುಕ್ಕು ಹಿಡಿದಿರುವುದು ಹೊರಗಿನಿಂದ ಬಂದ ಕಣಕ್ಕೆ, ಕಾರಿಗಲ್ಲ.

ಈ ಧೂಳಿನ ಬೆಳಕಿನಲ್ಲಿ ‘೯ ಎಚ್ ಗಡಸುತನ’ ಎಂಬ ಪ್ರಸಿದ್ಧ ಘೋಷಣೆಯನ್ನು ಪರಿಶೀಲಿಸತಕ್ಕದ್ದು. ಅನೇಕರು ಇದನ್ನು ಕೇಳಿ, ಖನಿಜಗಳ ಗಡಸುತನದ ಅಳತೆಯಲ್ಲಿ ಒಂಬತ್ತೆಂದು ಭಾವಿಸುತ್ತಾರೆ. ೧೮೧೨ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ವಿದ್ವಾಂಸ ರಚಿಸಿದ ಆ ಅಳತೆಯಲ್ಲಿ ವಜ್ರಕ್ಕೆ ಹತ್ತು, ಕೆಂಪು ನೀಲಗಳ ಜಾತಿಯ ಕುರಂದಕ್ಕೆ ಒಂಬತ್ತು. ಸೀಸೆಯ ಮೇಲಿನ ಒಂಬತ್ತಾದರೋ ಪೆನ್ಸಿಲಿನ ಒಂಬತ್ತು! ಮಕ್ಕಳ ನಕ್ಷೆಯ ಪೆಟ್ಟಿಗೆಯಲ್ಲಿ ೨ ಎಚ್, ೪ ಎಚ್ ಎಂದು ಇರುವುದಿಲ್ಲವೆ, ಅದೇ ವಂಶದ ಅತ್ಯಂತ ಗಡಸು ಪೆನ್ಸಿಲು ೯ ಎಚ್. ೭೫೦ ಗ್ರಾಂ ಭಾರದಡಿಯಲ್ಲಿ, ೪೫ ಡಿಗ್ರಿ ಓರೆಯಾಗಿ ಅದನ್ನು ಲೇಪದ ಮೇಲೆ ತಳ್ಳಿದಾಗ ಗೀರು ಬೀಳದಿದ್ದರೆ ಲೇಪ ತೇರ್ಗಡೆಯಾಯಿತು. ಪೆನ್ಸಿಲಿನ ಒಳಗಿರುವುದು ಗ್ರ್ಯಾಫೈಟು ಮತ್ತು ಜೇಡಿಮಣ್ಣು. ಬಳ್ಳಾರಿಯ ಧೂಳಿನಲ್ಲಿರುವುದೋ ಹೆಮಟೈಟ್ ಎಂಬ ಕಬ್ಬಿಣದ ಅದಿರು ಮತ್ತು ಬೆಣಚುಕಲ್ಲಿನ ಪುಡಿ. ಸಂಡೂರಿನ ಬೆಟ್ಟಗಳಲ್ಲಿ ಇವೆರಡೂ ಪಟ್ಟೆಪಟ್ಟೆಯಾಗಿ ಒಂದೇ ಬಂಡೆಯಲ್ಲಿ ಸಿಗುತ್ತವೆ. ಮೋಸ್‌ನ ಅಳತೆಯಲ್ಲಿ ಹೆಮಟೈಟಿಗೆ ಐದರಿಂದ ಆರರ ಆಸುಪಾಸು; ಬೆಣಚಿಗೆ ಏಳು, ಅಂದರೆ ಕಿಟಕಿಯ ಗಾಜನ್ನೂ ಗೀರಬಲ್ಲ ಗಡಸು. ಪೆನ್ಸಿಲಿಗೆ ಮಣಿಯದ ಲೇಪ ಬೆಣಚಿಗೆ ಮಣಿಯುವುದಿಲ್ಲವೆಂಬ ಭರವಸೆ ಆ ಒಂಬತ್ತರೊಳಗೆ ಇಲ್ಲ.

ಬಿಸಿಲಿನ ವಿಷಯವೂ ಹೀಗೆಯೇ. ಬಣ್ಣವನ್ನು ಮಾಸಿಸುವುದು ಮುಖ್ಯವಾಗಿ ಅತಿನೇರಳೆ ಕಿರಣ. ಅದನ್ನು ತಡೆಯಲು ಬೇಕಾದ ದ್ರವ್ಯಗಳನ್ನು ತಯಾರಕರು ವಾರ್ನಿಷಿನ ೪೦–೫೦ ಮೈಕ್ರಾನಿನಲ್ಲೇ ಬೆರೆಸಿರುತ್ತಾರೆ. ಶುದ್ಧ ಸಿಲಿಕಾ ಅತಿನೇರಳೆಯನ್ನು ತಡೆಯುವ ವಸ್ತುವೇ ಅಲ್ಲ; ಆ ಕಿರಣ ಹೊರಗೆ ಬರಲೆಂದೇ ಅತಿನೇರಳೆ ದೀಪಗಳ ಕೊಳವೆಯನ್ನು ಬೆಣಚಿನ ಗಾಜಿನಿಂದ ಮಾಡುತ್ತಾರೆ. ಹೆಚ್ಚಿನ ದ್ರವ್ಯವನ್ನು ಬೆರೆಸಿದರೂ ಒಂದು ಮೈಕ್ರಾನಿನ ಪದರ ಎಷ್ಟನ್ನು ತಾನೇ ತಡೆದೀತು? ‘ಸೂರ್ಯನಿಂದ ರಕ್ಷಣೆ’ ಎಂಬ ಮಾತನ್ನು ಕೇಳಿದಾಗ ನೆರಳಿನ ಮರವೊಂದನ್ನು ನೆನೆಯುವುದು ಹೆಚ್ಚು ಕ್ಷೇಮಕರ.

ಹಾಗಾದರೆ ಲೇಪದಿಂದ ಪ್ರಯೋಜನವೇ ಇಲ್ಲವೆ? ಇದೆ. ಒಳ್ಳೆಯ ಲೇಪದ ಮೇಲೆ ಕೊಳೆ ಗಟ್ಟಿಯಾಗಿ ಅಂಟುವುದಿಲ್ಲ. ಕಡಮೆ ಉಜ್ಜಿದರೂ ತೊಳೆದುಹೋಗುತ್ತದೆ. ಹಕ್ಕಿಯ ಹಿಕ್ಕೆ, ಮರದ ಅಂಟು ಮೊದಲಾದವು ವಾರ್ನಿಷನ್ನು ಮುಟ್ಟುವ ಮುನ್ನ ಸ್ವಲ್ಪ ಕಾಲಾವಕಾಶ ದೊರೆಯುತ್ತದೆ. ಅಂಗಡಿಯಲ್ಲಿ ತೋರಿಸುವುದು ಮಾತ್ರ ಇದನ್ನಲ್ಲ, ನೀರಿನ ಮುತ್ತುಗಳನ್ನು. ಕೆಸುವಿನ ಎಲೆಯ ಮೇಲಿನಂತೆ ಹನಿಗಳು ದುಂಡಾಗಿ ಉರುಳುವುದನ್ನು ಕಂಡು ಮನಸೋಲದವರಾರು? ತಾವರೆಯ ಎಲೆಯ ಈ ಗುಟ್ಟನ್ನು ೧೯೯೭ರಲ್ಲಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ಎಂಬ ಜರ್ಮನ್ ಸಸ್ಯವಿಜ್ಞಾನಿ ತನ್ನ ಸಂಗಡಿಗನೊಡನೆ ವಿಸ್ತಾರವಾಗಿ ನಿರೂಪಿಸಿದ: ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಗುಬುಟುಗಳಿವೆ, ಗುಬುಟುಗಳ ಮೇಲೆ ಮೇಣವಿದೆ; ಉರುಳುವ ಹನಿ ಧೂಳನ್ನು ಹೊತ್ತೊಯ್ಯುತ್ತದೆ. ಜೀವಂತ ಎಲೆ ತನ್ನ ಮೇಣವನ್ನು ತಾನೇ ಮತ್ತೆ ಸ್ರವಿಸಿಕೊಳ್ಳುತ್ತದೆ. ಕಾರಿನ ಮೈ ನುಣುಪು, ಅದರ ಲೇಪ ನಿರ್ಜೀವ. ಸವೆದದ್ದು ಮರಳಿ ಬೆಳೆಯದು.

ನೀರಿನ ಮುತ್ತು ಎರಡು ಬಗೆಯಲ್ಲಿ ಸುಳ್ಳು ಹೇಳಬಲ್ಲುದು. ಕಾರ್ನೋಬಾ ಎಂಬ ಬ್ರೆಜಿಲ್ ದೇಶದ ತಾಳೆಜಾತಿಯ ಮರದ ಮೇಣವನ್ನು ತೀಡಿದರೂ ಅಂಥದೇ ಮುತ್ತು ಮೂಡುತ್ತದೆ. ಕೆಲವೇ ತಿಂಗಳಲ್ಲಿ ಮೇಣ ಮಾಯವಾಗುತ್ತದೆ. ಆದ್ದರಿಂದ ಮುತ್ತು ಕಂಡಿತೆಂದರೆ ಐದು ವರ್ಷದ ಲೇಪವಿದೆ ಎಂದಾಗದು. ಇತ್ತ ಲೇಪದ ಮೇಲೆ ಕೆಂಪು ಧೂಳಿನ ಪದರ ಕೂತಾಗ ಮುತ್ತು ಕಾಣದು. ಸಾಬೂನಿನಿಂದ ತೊಳೆದರೆ ಮತ್ತೆ ಕಾಣುತ್ತದೆ. ಆದ್ದರಿಂದ ಮುತ್ತು ಇಲ್ಲವೆಂದರೆ ಲೇಪ ಹೋಯಿತೆಂದೂ ಆಗದು. ಅದಲ್ಲದೆ ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಈ ಮುತ್ತೇ ಶತ್ರುವಾದೀತು. ಬಿಸಿಲಿನಲ್ಲಿ ತೊಳೆದು ಒರೆಸದೆ ಬಿಟ್ಟರೆ ಪ್ರತಿಯೊಂದು ಮುತ್ತೂ ನಿಂತಲ್ಲೇ ಆರಿ, ತನ್ನ ಸುಣ್ಣವನ್ನು ಬಿಳಿಯ ಉಂಗುರವಾಗಿ ಬಿಟ್ಟುಹೋಗುತ್ತದೆ.

ಪೆಟ್ಟಿಗೆಯೂ ಪೆನ್ಸಿಲೂ ಮುತ್ತೂ ಪೂರ್ಣ ಉತ್ತರ ಕೊಡಲಾರವಾದರೆ ಗೃಹಸ್ಥನಿಗೆ ದಾರಿ ಯಾವುದು? ದಾರಿ ಮನೆಯೊಳಗೇ ಇದೆ. ಹೊಸ ಬಣ್ಣದ ಸೀರೆಯನ್ನು ಒಗೆಯುವ ಮುನ್ನ ಗೃಹಿಣಿ ಅದರ ಒಂದು ಮೂಲೆಯನ್ನು ಮಾತ್ರ ನೆನೆಸಿ, ಬಿಳಿಯ ಬಟ್ಟೆಗೆ ಒತ್ತಿ, ಬಣ್ಣ ಬಿಡುವುದೋ ಎಂದು ನೋಡುತ್ತಾಳೆ. ಇಡೀ ಸೀರೆಯನ್ನು ಪಣಕ್ಕೊಡ್ಡುವುದಿಲ್ಲ. ಇದೇ ನ್ಯಾಯವನ್ನು ಕಾರಿಗೂ ಅನ್ವಯಿಸಬಹುದು. ಇಡೀ ಕಾರಿಗೆ ದೊಡ್ಡ ಹಣ ತೆರುವ ಮುನ್ನ ಬಾನೆಟ್ಟಿನ ಅರ್ಧಕ್ಕೆ ಮಾತ್ರ ಲೇಪವನ್ನು ಹಾಕಿಸಿ, ಇನ್ನರ್ಧವನ್ನು ಹಾಗೆಯೇ ಬಿಟ್ಟು, ಒಂದು ವರ್ಷ ಕಾಯುವುದು. ಎರಡು ಅರ್ಧಗಳಿಗೂ ಒಂದೇ ಬಿಸಿಲು, ಒಂದೇ ಧೂಳು, ಒಂದೇ ಹಕ್ಕಿ, ಒಂದೇ ನೀರು. ಬೇರೆ ಬೇರೆ ಕಾರುಗಳನ್ನು ಹೋಲಿಸುವುದಕ್ಕಿಂತ ಇದು ಎಷ್ಟೋ ಮೇಲು. ಒಂದು ಕಾರು ನೆರಳಿನಲ್ಲಿ ನಿಂತಿರಬಹುದು, ಇನ್ನೊಂದು ದಿನವೂ ತೋರಣಗಲ್ಲಿಗೆ ಹೋಗಿಬರಬಹುದು.

ಈ ಪರೀಕ್ಷೆಗೆ ಕೆಲವು ನಿಯಮಗಳುಂಟು. ಮೊದಲನೆಯದೇ ಎಲ್ಲಕ್ಕಿಂತ ಮುಖ್ಯ. ಲೇಪ ಹಾಕುವ ಮುನ್ನ ಕುಶಲಿಗಳು ಕಾರನ್ನು ಯಂತ್ರದಿಂದ ಉಜ್ಜಿ ಹೊಳಪಿಸುತ್ತಾರೆ. ಹಳೆಯ ಸಣ್ಣ ಗೀರುಗಳು ಮಾಯವಾಗುವುದು ಈ ಉಜ್ಜಾಟದಿಂದ. ಗ್ರಾಹಕ ಬೆರಗಾಗುವ ಕನ್ನಡಿಯಂಥ ಹೊಳಪಿನ ಬಹುಪಾಲು ಅದರದ್ದು, ಕೀರ್ತಿ ಮಾತ್ರ ಲೇಪಕ್ಕೆ! ಆದ್ದರಿಂದ ಎರಡು ಅರ್ಧಗಳನ್ನೂ ಸಮನಾಗಿ ಉಜ್ಜಿಸಿ, ಆಮೇಲೆ ಒಂದಕ್ಕೆ ಮಾತ್ರ ಲೇಪ ಹಾಕಿಸಬೇಕು. ನಡುವೆ ಅಂಟಿಸಿದ ಪಟ್ಟಿಯನ್ನು ಕೆಲಸ ಮುಗಿದೊಡನೆ ತೆಗೆಯಬೇಕು; ಬಿಸಿಲಿನಲ್ಲಿ ಬಿಟ್ಟರೆ ಅದರ ಅಂಟೇ ಕಲೆಯಾದೀತು. ಎಡಬಲಗಳಲ್ಲಿ ಲೇಪ ಯಾವ ಕಡೆಗಿದೆಯೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ತೊಳೆಯುವವನಿಗೆ ಹೇಳದಿರುವುದು ಎರಡನೆಯ ನಿಯಮ. ಹೇಳಿದರೆ ಅವನ ಕೈ ತಿಳಿಯದೆಯೇ ಒಂದು ಕಡೆ ಮೃದುವಾದೀತು.

ತಿಂಗಳಿಗೊಮ್ಮೆ, ತೊಳೆದು ಒಣಗಿಸಿದ ಮೇಲೆ, ಮೂರು ವಿಷಯಗಳನ್ನು ಬರೆದುಕೊಳ್ಳಬೇಕು. ಯಾವ ಅರ್ಧದ ಕೊಳೆ ಕಡಮೆ ಉಜ್ಜಾಟದಲ್ಲಿ ಹೋಯಿತು? ಸಂಜೆಯ ಓರೆಬಿಸಿಲಿನಲ್ಲಿ ಜೇಡರ ಬಲೆಯಂಥ ಸಣ್ಣ ಗೀರುಗಳು ಯಾವ ಕಡೆ ಹೆಚ್ಚು? ನೀರಿನ ಉಂಗುರಗಳೂ ಹಿಕ್ಕೆಯ ಕಲೆಗಳೂ ಯಾವ ಕಡೆ ಉಳಿದವು? ಮುತ್ತುಗಳನ್ನು ಕೊನೆಯದಾಗಿ ನೋಡಿದರೆ ಸಾಕು. ತಿಂಗಳು ತಿಂಗಳೂ ಒಂದೇ ಸ್ಥಳದಲ್ಲಿ, ಒಂದೇ ವೇಳೆಯಲ್ಲಿ ಛಾಯಾಚಿತ್ರ ತೆಗೆದಿಡುವುದು ಒಳ್ಳೆಯದು. ನೆನಪು ತನಗೆ ಬೇಕಾದ ಬಣ್ಣವನ್ನು ತಾನೇ ಬಳಿದುಕೊಳ್ಳುವ ಸ್ವಭಾವದ್ದು. ವರ್ಷದ ಕೊನೆಯಲ್ಲಿ, ಲೇಪ ಯಾವ ಕಡೆಯೆಂದು ಅರಿಯದ ನೆರೆಯವರೊಬ್ಬರನ್ನು ಕರೆದು ‘ಯಾವ ಅರ್ಧ ಚೆನ್ನಾಗಿದೆ?’ ಎಂದು ಕೇಳಬಹುದು. ಅವರಿಗೆ ಭೇದವೇ ಕಾಣದಿದ್ದರೆ ಮನೆಯ ಲೆಕ್ಕದ ಪುಸ್ತಕಕ್ಕೆ ಅದೇ ತೀರ್ಪು. ಲೇಪದ ಕಡೆಯೇ ಎದ್ದು ಕಂಡರೆ ತಂದೆ ಅರೆಮನಸ್ಸಿಲ್ಲದೆ ಹಣ ಕೊಡಬಹುದು. ಮಗನ ಮಾತೂ ನಿಂತಂತಾಯಿತು.

ಇಂಥ ಪರೀಕ್ಷೆಗೆ ಸಮಯವಿಲ್ಲದವರು ಕೊನೆಯ ಪಕ್ಷ ಭರವಸೆಯ ಪತ್ರದ ಸಣ್ಣಕ್ಷರಗಳನ್ನು ಓದಬೇಕು. ವರ್ಷಕ್ಕೊಮ್ಮೆ ಹಣ ಕೊಟ್ಟು ತಪಾಸಣೆ ಮಾಡಿಸಿದರೆ ಮಾತ್ರ ಭರವಸೆ ಊರ್ಜಿತವೆಂಬ ಷರತ್ತು ಅಲ್ಲಿರಬಹುದು. ಗೀರು, ನೀರಿನ ಕಲೆ, ಹಕ್ಕಿಯ ಹಿಕ್ಕೆ, ಕಾರ್ಖಾನೆಯ ಧೂಳು ಇವು ಭರವಸೆಯ ಹೊರಗೆಂದು ಬರೆದಿರಬಹುದು. ಇವೆಲ್ಲ ಹೊರಗಾದ ಮೇಲೆ ಬಳ್ಳಾರಿಯ ಕಾರಿಗೆ ಒಳಗೆ ಉಳಿಯುವುದೇನೆಂದು ಕೇಳುವ ಹಕ್ಕು ಹಣ ಕೊಡುವವರಿಗುಂಟು. ಲೇಪ ಸವೆದರೆ ಹಣವನ್ನು ಹಿಂದಕ್ಕೆ ಕೊಡುವರೋ, ಮತ್ತೊಮ್ಮೆ ಲೇಪವನ್ನಷ್ಟೇ ಬಳಿಯುವರೋ, ಅದನ್ನೂ ಬರಹದಲ್ಲಿಯೇ ಪಡೆಯಬೇಕು.

ಇನ್ನು ಲೇಪವಿರಲಿ, ಇಲ್ಲದಿರಲಿ, ಯಾವ ಸೀಸೆಯ ಮೇಲೂ ಅಚ್ಚಾಗದ ಒಂದು ಮಾತುಂಟು. ಬೆಳಗಿನ ಜಾವ ಬೀದಿಬೀದಿಯಲ್ಲಿ ಕಾರು ಒರೆಸುವ ಹುಡುಗ ಒಂದೇ ಬಕೀಟು ನೀರು, ಒಂದೇ ಬಟ್ಟೆಯಲ್ಲಿ ನಾಲ್ಕೈದು ಕಾರುಗಳನ್ನು ಮುಗಿಸುತ್ತಾನೆ. ನೀರಿಗೆ ಅಭಾವವಿದ್ದ ದಿನ ಒಣಬಟ್ಟೆಯಲ್ಲೇ ಝಾಡಿಸುತ್ತಾನೆ. ಆ ಬಟ್ಟೆಯ ಮಡಿಕೆಯಲ್ಲಿ ಸಂಡೂರಿನ ಬೆಣಚು ಕೂತಿರುತ್ತದೆ. ಬಿಸಿಲು ವರ್ಷಗಳಲ್ಲಿ ಮಾಡುವ ಹಾನಿಯನ್ನು ಅದು ವಾರಗಳಲ್ಲಿ ಮಾಡಿ ಮುಗಿಸಬಲ್ಲುದು. ತಪ್ಪು ಹುಡುಗನದಲ್ಲ, ಎರಡನೆಯ ಬಕೀಟನ್ನೂ ಮೆತ್ತನೆಯ ಬಟ್ಟೆಯನ್ನೂ ಅವನಿಗೆ ಯಾರೂ ಕೊಟ್ಟಿಲ್ಲ. ಮೊದಲು ನೀರು ಸುರಿದು ಧೂಳನ್ನು ಇಳಿಸಬೇಕು, ಒಂದು ಬಕೀಟಿನಲ್ಲಿ ಸಾಬೂನು, ಇನ್ನೊಂದರಲ್ಲಿ ಬಟ್ಟೆ ಹಿಂಡಲು ಶುದ್ಧ ನೀರು ಇರಬೇಕು, ಬಿಸಿಲೇರುವ ಮುನ್ನ ಒರೆಸಿ ಮುಗಿಸಬೇಕು. ಧೂಳು ಕೂತ ಕಾರಿನ ಮೇಲೆ ಗವುಸನ್ನು ಎಳೆಯಬಾರದು. ಗಾಳಿಗೆ ಅಲುಗುವ ಗವುಸು ಉಪ್ಪುಕಾಗದದಂತೆ ಉಜ್ಜುತ್ತದೆ. ವಾರಕ್ಕೊಮ್ಮೆ ಹೀಗೆ ತೊಳೆಯುವುದು ದಿನಕ್ಕೊಮ್ಮೆ ಒಣಗಿ ಒರೆಸುವುದಕ್ಕಿಂತ ಉತ್ತಮ. ಹುಡುಗನ ಸಂಬಳಕ್ಕೆ ಇದಕ್ಕಾಗಿ ನೂರೋ ಇನ್ನೂರೋ ರೂಪಾಯಿ ಸೇರಿಸಿದರೂ ನಷ್ಟವಿಲ್ಲ.

ಪರೀಕ್ಷೆಯನ್ನು ಆರಂಭಿಸಲು ಯುಗಾದಿಯ ಆಸುಪಾಸು ಪ್ರಶಸ್ತ ಕಾಲ. ಅಲ್ಲಿಂದ ಮುಂದೆ ಮೇ ತಿಂಗಳ ನೆತ್ತಿಯ ಸೂರ್ಯ, ಮುಂಗಾರಿನ ಮೊದಲ ಕೆಸರು, ಆಗಸ್ಟಿನ ಬಿಸಿಲು, ಮಾಗಿಯ ಇಬ್ಬನಿ, ಸುಗ್ಗಿಯ ಧೂಳು ಒಂದೊಂದಾಗಿ ಬಂದು ತಮ್ಮ ತಮ್ಮ ಅಂಕ ಕೊಟ್ಟು ಹೋಗುತ್ತವೆ. ಮರುವರ್ಷದ ಯುಗಾದಿಗೆ ಬಾನೆಟ್ಟಿನ ಎರಡು ಅರ್ಧಗಳನ್ನು ಮನೆಯವರೆಲ್ಲ ಸೇರಿ ನೋಡಬಹುದು. ತಾಯಿ ಕೇಳಿದ ಪ್ರಶ್ನೆಗೆ ಅಂಗಡಿಯವನು ಕೊಡಲಾರದ ಉತ್ತರ ಅಲ್ಲಿ ದೊರೆಯುತ್ತದೆ.